ಒಂದು ಹಿಡಿ ಕರಿಬೇವು ಮತ್ತು ಒಂದು ಬೀದಿಯ ಮರಗಳು

2018ರ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಹಿತ್ತಲಿನ ಗಿಡದಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಜೋಪಾನವಾಗಿ ಇರಿಸಿದ್ದ ಕರಿಬೇವಿನ ಕಟ್ಟನ್ನು ವಿಮಾನ ನಿಲ್ದಾಣದ ತಪಾಸಣಾಧಿಕಾರಿ ಹೊರತೆಗೆದು ಕಸದ ಬುಟ್ಟಿಗೆ ಹಾಕಿಬಿಟ್ಟ. ಶ್ರೀಮತಿಯ ಕಣ್ಣಲ್ಲಿ ನೀರಾಡಿತು. ನನಗಂತೂ ಸಿಟ್ಟೇ ಬಂದಿತು. "ಒಂದು ಹಿಡಿ ಕರಿಬೇವಿನಿಂದ ಈ ದೇಶಕ್ಕೆ ಏನು ಕೇಡಾದೀತು?" ಎಂದು ಕಾರಿನಲ್ಲಿ ಮಗನ ಮುಂದೆ ಗೊಣಗುತ್ತಲೇ ಇದ್ದೆ. ಅವನು ಉತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ವಾಯುವಿಹಾರಕ್ಕೆ ಕರೆದೊಯ್ದ.

ಡೆಟ್ರಾಯಿಟ್ ನಗರದ ಹೊರವಲಯದ ಬಡಾವಣೆ ಅದು. ಮನೆಗಳು ಹಳೆಯವು, ಆದರೆ ಬೀದಿಬದಿಯ ಮರಗಳೆಲ್ಲ ಎಳೆಯವು. ಇದೇಕೆ ಹೀಗೆ ಎಂದು ಕೇಳಿದೆ. "ಅಪ್ಪಾ, ಒಂದು ಕಾಲಕ್ಕೆ ಇಲ್ಲಿ ಎರಡೂ ಕಡೆ ಆಶ್ ಮರಗಳಿದ್ದವಂತೆ. ಒಂದೂ ಉಳಿಯಲಿಲ್ಲ" ಎಂದ. ಬೀದಿಯ ಕೊನೆಗಿದ್ದ ಸಣ್ಣ ಕಾಡಿನಲ್ಲಿ ಸತ್ತ ಆಶ್ ಮರಗಳು ಇನ್ನೂ ನಿಂತಿದ್ದವು. ತೊಗಟೆ ಉದುರಿದ ಕಡೆ, ಮಗು ಪಾಟಿಯ ಮೇಲೆ ಬಳಪ ಹಿಡಿದು ಗೀಚಿದಂತೆ ಅಂಕುಡೊಂಕಾದ ಗೆರೆಗಳು. ಅವು ಹುಳು ಕೊರೆದ ದಾರಿಗಳು.

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಕಾಂಡಕೊರಕ ಹೊಸದಲ್ಲ. ಅರೇಬಿಕಾ ಗಿಡದ ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಕಂಡೊಡನೆ ತೋಟದವರು ಗಿಡವನ್ನು ಕಿತ್ತು ಸುಡುವುದನ್ನು ನೋಡಿದ್ದೇನೆ. ಆದರೆ ನಮ್ಮ ಬಿಳಿ ಕಾಂಡಕೊರಕ ಈ ನೆಲದ್ದೇ ಕೀಟ. ಆಶ್ ಮರವನ್ನು ಕೊಂದ 'ಎಮರಾಲ್ಡ್ ಆಶ್ ಬೋರರ್' ಎಂಬ ಹಸಿರು ದುಂಬಿ ಪೂರ್ವ ಏಷ್ಯಾದಿಂದ ಹೋದದ್ದು. ತವರಿನಲ್ಲಿ ಅದರೊಡನೆ ಬೆಳೆದು ಬಂದ ಮರಗಳಿಗೆ ತಡೆದುಕೊಳ್ಳುವ ಶಕ್ತಿಯಿದೆ, ಅದನ್ನು ತಿನ್ನುವ ಕಣಜಗಳೂ ಇವೆ. ಅಮೆರಿಕದ ಆಶ್ ಮರಗಳಿಗೆ ಈ ಎರಡು ರಕ್ಷೆಗಳೂ ಇರಲಿಲ್ಲ. ದುಂಬಿಯ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರ ಮರಿಹುಳು ತೊಗಟೆಯ ಒಳಪದರವನ್ನು ತಿನ್ನುತ್ತ ಸುತ್ತುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ಹಾದಿಯೇ ಕಡಿದುಹೋಗಿ, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ.

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಕುಳಿತು ಓದಿದೆ. ಸರಕಿನ ಮರದ ಪೆಟ್ಟಿಗೆ, ಹಲಗೆಗಳೊಳಗೆ ಅಡಗಿ ಈ ಹುಳು ಹಡಗು ಹತ್ತಿರಬೇಕೆಂದು ವಿಜ್ಞಾನಿಗಳ ಊಹೆ. ಮರಗಳ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದಾಗ, 1990ರ ದಶಕದ ಮೊದಲರ್ಧದಲ್ಲೇ ಅದು ಡೆಟ್ರಾಯಿಟ್ ಸುತ್ತ ನೆಲೆಯೂರಿತ್ತೆಂದು ತಿಳಿಯಿತು. ಆದರೆ ಅದು ಪತ್ತೆಯಾದದ್ದು 2002ರಲ್ಲಿ. ಅಲ್ಲಿಯವರೆಗೆ ಮರಗಳು ಒಣಗುತ್ತಿದ್ದುದನ್ನು ಕಂಡವರು 'ಆಶ್ ಯೆಲ್ಲೋಸ್' ಎಂಬ ಬೇರೊಂದು ರೋಗವೆಂದೇ ಭಾವಿಸಿದ್ದರು. ಅಮೆರಿಕದ ತಜ್ಞರಿಗೂ ಗುರುತು ಸಿಗದ ಆ ದುಂಬಿಯನ್ನು ಕೊನೆಗೆ ಗುರುತಿಸಿದವರು ಸ್ಲೋವಾಕಿಯಾದ ಎಡ್ವರ್ಡ್ ಯೆಂಡೆಕ್. ಸರ್ಕಾರ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಹುಳುವಿಗೆ ಸುಮಾರು ಹತ್ತು ವರ್ಷಗಳ ಬಿಡುವು ದೊರೆತಾಗಿತ್ತು.

ಎಚ್ಚೆತ್ತ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಹೇಳಲೇಬೇಕು. ಹುಳು ಬಿದ್ದ ಪ್ರದೇಶಗಳಿಂದ ಆಶ್ ಸಸಿ, ದಿಮ್ಮಿ, ಸೌದೆ ಯಾವುದೂ ಹೊರಹೋಗದಂತೆ ನಿರ್ಬಂಧ ವಿಧಿಸಿದರು. ಹುಳು ಸಿಕ್ಕ ಮರದ ಸುತ್ತ ಅರ್ಧ ಮೈಲಿಯೊಳಗಿನ ಆಶ್ ಮರಗಳನ್ನೆಲ್ಲ, ಆರೋಗ್ಯವಾಗಿದ್ದವನ್ನೂ ಬಿಡದೆ, ಕಡಿದು ನೋಡಿದರು. ಗಡಿಯಾಚೆ ಕೆನಡಾ ಸರ್ಕಾರ 2004ರಲ್ಲಿ ಒಂಟಾರಿಯೊ ಪ್ರಾಂತ್ಯದ ಎರಡು ಸರೋವರಗಳ ನಡುವೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಆಶ್ ಮರವೇ ಇಲ್ಲದಂತೆ ಮಾಡಿತು. ಕಾಳ್ಗಿಚ್ಚನ್ನು ತಡೆಯಲು ನಮ್ಮಲ್ಲಿ ಬೆಂಕಿರೇಖೆ ತೆಗೆಯುವುದಿಲ್ಲವೇ, ಹಾಗೆ. ಆದರೆ ಹುಳು ಆ ಪಟ್ಟಿಯ ಆಚೆಗೂ ಕಾಣಿಸಿಕೊಂಡಿತು.

ದಾಟಿಸಿದವರು ಯಾರು? ಬಹಳ ಮಟ್ಟಿಗೆ ನನ್ನಂತಹ ಸಾಮಾನ್ಯರೇ. ರಜೆಯಲ್ಲಿ ಕಾಡಿಗೆ ಹೋಗಿ ಡೇರೆ ಹಾಕಿ ಬೆಂಕಿ ಕಾಯಿಸಿಕೊಳ್ಳುವುದು ಅಲ್ಲಿನವರ ಸಂಭ್ರಮ. ಮನೆಯಿಂದ ಕಾರಿನಲ್ಲಿ ಒಯ್ದ ನಾಲ್ಕು ತುಂಡು ಸೌದೆಯೊಳಗೆ ಹುಳುವೂ ಪ್ರಯಾಣ ಮಾಡಿತು. ಮಿಷಿಗನ್ನಿನ ಎರಡು ಭಾಗಗಳನ್ನು ಜೋಡಿಸುವ ಮ್ಯಾಕಿನಾ ಸೇತುವೆಯ ಬಳಿ ಸೌದೆಗಾಗಿ ತಪಾಸಣೆಯನ್ನೇ ನಡೆಸಿದರು. "ನಾಲ್ಕು ತುಂಡು ಸೌದೆಯಿಂದ ಏನಾದೀತು?" ಎಂದು ಅಲ್ಲಿಯೂ ಜನ ಗೊಣಗಿರಬೇಕು. ನನ್ನ ಕರಿಬೇವಿನ ಪ್ರಶ್ನೆ ಆಗ ನನಗೇ ನೆನಪಾಯಿತು. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಗೆಡವುವ ರೋಗವನ್ನು ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ವಾಸಿಸುತ್ತದೆಯಂತೆ. ವಿಜ್ಞಾನದ ಮೇಷ್ಟರಾಗಿ ಬದುಕು ಸವೆಸಿದ ನನಗೆ ಇದು ತಿಳಿದಿರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇನ್ನೊಂದು ಸಂಗತಿಯೂ ಮನಸ್ಸಿನಲ್ಲಿ ಉಳಿದಿದೆ. ಅಲ್ಲಿನ ಅನೇಕ ನಗರಗಳ ಬೀದಿಗಳಲ್ಲಿ ಆಶ್ ಮರಕ್ಕೂ ಮೊದಲು ಎಲ್ಮ್ ಮರಗಳಿದ್ದವು. ಹೊರಗಿನಿಂದಲೇ ಬಂದ ಒಂದು ಶಿಲೀಂಧ್ರರೋಗ ಅವನ್ನು ಕೊಂದಿತು. ಬರಿದಾದ ಜಾಗದಲ್ಲಿ ಸಾಲಾಗಿ ಆಶ್ ಸಸಿಗಳನ್ನೇ ನೆಟ್ಟರು. ಒಂದೇ ಜಾತಿಯ ಮರಗಳ ಸಾಲು ಕಣ್ಣಿಗೆ ಚೆಂದ, ಹುಳುವಿಗೂ ಹಬ್ಬ. ಒಮ್ಮೆ ಕಲಿತ ಪಾಠವನ್ನು ಸರ್ಕಾರಗಳೂ ಮರೆಯುತ್ತವೆ, ನಮ್ಮ ವಿದ್ಯಾರ್ಥಿಗಳ ಹಾಗೆ.

ಕೊನೆಗೆ 2021ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಆಶ್ ಸಾಗಣೆಯ ಮೇಲಿನ ತನ್ನ ನಿರ್ಬಂಧವನ್ನು ತೆಗೆದುಹಾಕಿತು. ಹುಳು ಆ ವೇಳೆಗೆ 30ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿತ್ತು. ಇದು ಸೋಲಿನ ಒಪ್ಪಿಗೆಯೇ ಸರಿ. ಆದರೆ ಸೋತೆವೆಂದು ಒಪ್ಪಿಕೊಂಡು, ನಿರ್ಬಂಧಕ್ಕೆ ಖರ್ಚಾಗುತ್ತಿದ್ದ ಹಣವನ್ನು ಹುಳುವಿನ ತವರಿನ ಕಣಜಗಳನ್ನು ಬೆಳೆಸಿ ಬಿಡುವಂತಹ ಕೆಲಸಕ್ಕೆ ತಿರುಗಿಸಿದ್ದು ನನಗೆ ಪ್ರಾಮಾಣಿಕವಾಗಿ ಕಂಡಿತು. ಆ ಕಣಜಗಳನ್ನು ಮಿಷಿಗನ್ನಿನಲ್ಲಿ 2007ರಿಂದಲೇ ಬಿಡಲಾಗುತ್ತಿತ್ತು. ಹುಳುವಿನ ಮೊಟ್ಟೆಯೊಳಗೋ ಮರಿಹುಳುವಿನ ಮೈಮೇಲೋ ಮೊಟ್ಟೆಯಿಟ್ಟು ಅವು ಅದನ್ನು ಕೊಲ್ಲುತ್ತವೆ. ದೊಡ್ಡ ಮರಗಳನ್ನು ಉಳಿಸಲು ಅವುಗಳಿಂದ ಆಗಲಿಲ್ಲ. ಎಳೆಯ ಸಸಿಗಳಿಗೆ ಮಾತ್ರ ಒಂದಿಷ್ಟು ರಕ್ಷಣೆ ದೊರೆಯುತ್ತಿದೆಯಂತೆ.

ದೂರದ ಆರೆಗನ್ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಹುಳು ಬರುವ ಮೊದಲೇ ಅಲ್ಲಿ ಆಶ್ ಬೀಜಗಳನ್ನು ಸಂಗ್ರಹಿಸಿ, ಬಂದರೆ ಏನು ಮಾಡಬೇಕೆಂದು ಯೋಜನೆ ಬರೆದಿಟ್ಟಿದ್ದರು. 2022ರಲ್ಲಿ ಹುಳು ಬಂದೇಬಿಟ್ಟಿತು. ಅದನ್ನು ಮೊದಲು ಕಂಡವರು ಶಾಲೆಯೊಂದರ ಹೊರಗೆ ತಮ್ಮ ಮಕ್ಕಳಿಗಾಗಿ ಕಾಯುತ್ತ ನಿಂತಿದ್ದ ಜೀವಶಾಸ್ತ್ರಜ್ಞರೊಬ್ಬರು. ಅಲ್ಲಿದ್ದ ಮರಗಳು ಸೊರಗಿರುವುದನ್ನು ಅವರ ಕಣ್ಣು ಗಮನಿಸಿತು. ಕಾನೂನು ಎಷ್ಟೇ ಇದ್ದರೂ ಹೀಗೆ ತಲೆಯೆತ್ತಿ ನೋಡುವ ಒಬ್ಬರಾದರೂ ಬೇಕಲ್ಲವೇ?

2023ರಲ್ಲಿ ನಾವು ಮತ್ತೆ ಮಗನ ಮನೆಗೆ ಹೊರಟಾಗ ಶ್ರೀಮತಿ ಕರಿಬೇವಿನ ಗಿಡದ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ನಾಲ್ಕು ಎಸಳು ಕಿತ್ತು ಪಕ್ಕದ ಮನೆಯವರಿಗೆ ಕೊಟ್ಟು ಬಂದಳು. ಆ ಸಲ ತಪಾಸಣೆಯ ಸಾಲಿನಲ್ಲಿ ನಾನು ಗೊಣಗಲಿಲ್ಲ.