ಬೇರಿಂಗಮ್ಮನ ವಿಮಾನಯಾನ

ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಮರಿಗಳು ಕಣ್ಣು ಬಿಡುವ ಮುಂಚೆಯೇ ಅವನ್ನು ಬಾಯಲ್ಲಿ ಕಚ್ಚಿಕೊಂಡು ಅಟ್ಟದಿಂದ ಸೌದೆ ಕೊಟ್ಟಿಗೆಗೆ, ಅಲ್ಲಿಂದ ಪಕ್ಕದ ಮನೆಯ ಹಿತ್ತಿಲಿಗೆ ಸಾಗಿಸುತ್ತಲೇ ಇರುತ್ತದೆ. ಯಾಕೆ ಎಂದು ಕೇಳಿದರೆ ನಮ್ಮಜ್ಜಿ, 'ಗಂಡುಬೆಕ್ಕಿನ ಕಣ್ಣು ತಪ್ಪಿಸೋಕೆ ಕಣೋ' ಅನ್ನುತ್ತಿದ್ದಳು. ವೈಟ್‌ಫೀಲ್ಡಿನಲ್ಲಿ ಬಾಡಿಗೆಗಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು, ಕೈಕಚ್ಚುವ ಅಡ್ವಾನ್ಸು, ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿತ. ನನ್ನ ಮಗಳು ಮಾರತ್ತಹಳ್ಳಿಯ ಪಿಜಿಯಿಂದ ಹೂಡಿಗೆ, ಹೂಡಿಯಿಂದ ಕಾಡುಗೋಡಿಗೆ ಹೋದದ್ದು ಯಾವ ಗಂಡುಬೆಕ್ಕಿನ ಕಣ್ಣು ತಪ್ಪಿಸಲಿಕ್ಕೋ ನನಗೆ ಗೊತ್ತಿಲ್ಲ. ಕೊನೆಗೆ ಕಂಪನಿ ಅವಳನ್ನು ಪುಣೆಗೆ ಹಾಕಿತು. ಸಾಮಾನು ಲಾರಿ ಹತ್ತಿತು, ಮಗಳು ಮುಂದಾಗಿ ಹೋದಳು. ಬೆಕ್ಕು ನನ್ನ ಪಾಲಿಗೆ ಉಳಿಯಿತು. ತಲುಪಿಸುವ ಕೆಲಸವೂ ನನ್ನದೇ.

ಬೆಕ್ಕು ಮೂಲತಃ ನಮ್ಮದೇ. ಪೀಣ್ಯ ಎರಡನೇ ಹಂತದ ನನ್ನ ಶೆಡ್ಡಿನಲ್ಲಿ, ಲೇತಿನ ಪಕ್ಕ, ಕೈಯೆಣ್ಣೆ ಒರೆಸಲು ತರಿಸುವ ಬನಿಯನ್ ವೇಸ್ಟಿನ ಮೂಟೆಯೊಳಗೆ ಹುಟ್ಟಿದ್ದು. ಹುಡುಗರು 'ಬೇರಿಂಗ್' ಎಂದು ಹೆಸರಿಟ್ಟರು, ಶಬ್ದವಿಲ್ಲದೆ ತಿರುಗುತ್ತದಂತೆ. ಮಗಳು ಅದನ್ನು ವೈಟ್‌ಫೀಲ್ಡಿಗೆ ಒಯ್ದು 'ಬೆಲ್ಲಾ' ಎಂದು ಕರೆದಳು. ವೈಟ್‌ಫೀಲ್ಡಿನಲ್ಲಿ ಅದು ಬಾಲ್ಕನಿಯ ಬಲೆಯ ಹಿಂದೆ ಕೂತು ಪಾರಿವಾಳ ನೋಡುತ್ತಿತ್ತು. ನನ್ನ ಹತ್ತಿರ ಬಂದ ದಿನವೇ ಮತ್ತೆ ಬೇರಿಂಗಾಯಿತು.

ಬಸ್ಸಿನಲ್ಲೇ ಒಯ್ದುಬಿಡೋಣ ಅಂದುಕೊಂಡಿದ್ದೆ. ನಮ್ಮ ಸರ್ಕಾರಿ ಬಸ್ಸಿಗೆ ಪ್ರಾಣಿಪಕ್ಷಿಗಳೇನೂ ಹೊಸತಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳ ಜೊತೆ ಪಂಜರದಲ್ಲಿ ನಾಲ್ಕು ಲವ್‌ಬರ್ಡ್ಸ್ ಇದ್ದವು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಕ್ಕಿಗಳನ್ನು ಮಕ್ಕಳೆಂದು ಲೆಕ್ಕ ಹಿಡಿದು ತಲಾ 111ರಂತೆ 444 ರೂಪಾಯಿಯ ಟಿಕೆಟ್ ಹರಿದರು ಕಂಡಕ್ಟರ್. ರೆಕ್ಕೆ ಇದ್ದವರು ದುಡ್ಡು ಕೊಟ್ಟು ಬಸ್ಸಿನಲ್ಲಿ ಹೋದದ್ದು ಪೇಪರಿನಲ್ಲೆಲ್ಲ ಬಂತು. ಆದರೆ ಪುಣೆ ಬಸ್ಸು ಇಡೀ ರಾತ್ರಿಯ ಹಾದಿ. ರೈಲಿನಲ್ಲಾದರೆ ಫಸ್ಟ್ ಎಸಿ ಕೂಪೆಯನ್ನು ಇಡಿಯಾಗಿ ಹಿಡಿಯಬೇಕು, ಇಲ್ಲವೇ ಗಾರ್ಡ್ ಡಬ್ಬಿಗೆ ಹಾಕಬೇಕು. 'ಅಪ್ಪಾ, ಸುಮ್ನೆ ಫ್ಲೈಟಲ್ಲಿ ಕರ್ಕೊಂಡು ಬನ್ನಿ' ಎಂದಳು ಮಗಳು.

ಏರ್ ಇಂಡಿಯಾದಲ್ಲಿ ಮೊದಲಿನಿಂದಲೂ ಈ ಅನುಕೂಲ ಇತ್ತು. ಆಕಾಸಾ ಏರ್‌ನವರು 2022ರ ನವೆಂಬರ್ 1ರಿಂದ ನಾಯಿ ಬೆಕ್ಕುಗಳನ್ನು ಕ್ಯಾಬಿನ್ನಿಗೆ ಬಿಟ್ಟುಕೊಂಡರು. ಆಗ ಚೀಲವೂ ಸೇರಿ 7 ಕಿಲೋ ಮಿತಿಯಿತ್ತು, ಆಮೇಲೆ 10ಕ್ಕೆ ಏರಿಸಿದರು. ಬೇರಿಂಗನ್ನು ಚೀಲದ ಸಮೇತ ಶೆಡ್ಡಿನ ಡಿಸ್ಪ್ಯಾಚ್ ತೂಕದ ಯಂತ್ರದ ಮೇಲಿಟ್ಟೆ. ಇಷ್ಟು ವರ್ಷ ಕಿಲೋ ಲೆಕ್ಕದಲ್ಲಿ ಬುಷ್ಷು, ಫ್ಲೇಂಜು ಕಳಿಸಿದ ಯಂತ್ರ ಅದು. ಮುಳ್ಳು ನಿಲ್ಲುವ ಮುಂಚೆಯೇ ಮಾಲು ಕೆಳಗೆ ಹಾರಿತು.

ಪಶುವೈದ್ಯರು ರೇಬೀಸ್ ಲಸಿಕೆಯ ಪುಸ್ತಕ ನೋಡಿ, ಹಲ್ಲು ಕಿವಿ ನೋಡಿ, ಹಾರಲು ಯೋಗ್ಯ ಎಂದು ಫಿಟ್ ಟು ಫ್ಲೈ ಸರ್ಟಿಫಿಕೇಟ್ ಬರೆದುಕೊಟ್ಟರು. ಮತ್ತು ಬರಿಸುವ ಔಷಧಿ ಕೊಡಿ ಅಂದೆ. 'ಬೇಡ, ಮೇಲೆ ಹೋದಾಗ ಉಸಿರಾಟಕ್ಕೆ, ಬಿಪಿಗೆ ತೊಂದರೆ ಆಗಬಹುದು. ಬದಲು ಚೀಲವನ್ನು ಈಗಿನಿಂದಲೇ ಮನೆಯಲ್ಲಿ ಬಾಯಿ ತೆರೆದಿಡಿ. ಊಟ ಅದರೊಳಗೇ ಹಾಕಿ. ಬೆಕ್ಕು ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿದ ಜಾಗವನ್ನು ತನ್ನದು ಅಂದುಕೊಳ್ಳುತ್ತೆ' ಅಂದರು. ನಾನು ಚೀಲದ ತಳಕ್ಕೆ ಒಂದು ಹಿಡಿ ಬನಿಯನ್ ವೇಸ್ಟ್ ಹಾಸಿದೆ. ಮೊದಲು ಬೇರಿಂಗ್ ಚೀಲದ ಸುತ್ತ ಅಬಕಾರಿ ಇನ್‌ಸ್ಪೆಕ್ಟರಂತೆ ಸುಳಿದಾಡಿತು. ಆಮೇಲೊಂದು ಮಧ್ಯಾಹ್ನ ಒಳಗೇ ಸುರುಳಿ ಸುತ್ತಿ ಮಲಗಿತ್ತು.

ನಮ್ಮ ಊರಿನಲ್ಲಿ ಬೆಕ್ಕನ್ನು ಚೀಲಕ್ಕೆ ಹಾಕುತ್ತಿದ್ದದ್ದು ಬೇರೆ ಕಾರಣಕ್ಕೆ. ಹಾಲಿನ ಪಾತ್ರೆಗೆ ಬಾಯಿ ಹಾಕಿದ್ದು ಅತಿಯಾದರೆ ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಬಿಟ್ಟವರು ಮನೆ ಸೇರಿ ಕಾಲು ತೊಳೆಯುವಷ್ಟರಲ್ಲಿ ಬೆಕ್ಕು ಒಲೆ ಮುಂದೆ ಕೂತಿರುತ್ತಿತ್ತು. ನಾಯಿ ಯಜಮಾನನಿಗೆ ಅಂಟಿಕೊಳ್ಳುತ್ತೆ, ಬೆಕ್ಕು ಮನೆಗೆ ಅಂಟಿಕೊಳ್ಳುತ್ತೆ ಅಂತ ಅಜ್ಜಿಯ ಸಿದ್ಧಾಂತ. ಪುಣೆಗೆ ಒಯ್ದರೂ ಇದು ಪೀಣ್ಯಕ್ಕೆ ವಾಪಸು ನಡೆದೀತು ಎಂಬ ಅನುಮಾನ ನನಗಿತ್ತು. ಅನುಮಾನಕ್ಕಿಂತ ಆಸೆ ಎನ್ನಬೇಕು.

ಹೊರಟ ದಿನ ಟ್ಯಾಕ್ಸಿಯವನು ಚೀಲದ ಜಾಲರಿಯೊಳಗೆ ಇಣುಕಿದ. 'ಬೆಕ್ಕು ಅಡ್ಡ ಬಂದ್ರೆ ಗಾಡಿ ನಿಲ್ಲಿಸ್ತೀವಿ ಸಾರ್. ಒಳಗೇ ಕೂತ್ಕೊಂಡ್ರೆ ಏನ್ ಮಾಡೋದು?' ಅಂದ. ಹೆಬ್ಬಾಳದ ಫ್ಲೈಓವರ್ ಆ ಪ್ರಶ್ನೆಗೆ ಉತ್ತರ ಕೊಟ್ಟಿತು. ಯಾವ ಬೆಕ್ಕೂ ಅಡ್ಡ ಬರದಿದ್ದರೂ ಗಾಡಿಗಳೆಲ್ಲ ನಿಂತೇ ಇದ್ದವು.

ದೇವನಹಳ್ಳಿಯ ನಿಲ್ದಾಣದಲ್ಲಿ ಚೀಲ ಎಕ್ಸ್‌ರೇಗೆ ಹೋಗಬೇಕು, ಬೆಕ್ಕು ಹೋಗಬಾರದು. ಅದನ್ನು ಹೊರತೆಗೆದು ಎದೆಗವಚಿಕೊಂಡು ಮೆಟಲ್ ಡಿಟೆಕ್ಟರ್ ಬಾಗಿಲಿನಲ್ಲಿ ನಡೆಯಬೇಕು. ನಾಲ್ಕೂ ಕಾಲಿನ ಉಗುರು ನನ್ನ ಅಂಗಿ ದಾಟಿ ಬನಿಯನ್ನಿಗೆ ಇಳಿದಿದ್ದವು. ಬಾಗಿಲು ಕೀಂ ಅಂದಿತು. ಕತ್ತಿನಲ್ಲಿ ಮಗಳು ಕಟ್ಟಿದ್ದ ಪುಟ್ಟ ಗಂಟೆ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇಲಿಗಳ ಕಾಲದಿಂದ ಇದೆ. ಬಿಚ್ಚುವವರು ಯಾರು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನ್ನ ಎರಡು ಕೈಯೂ ಬೆಕ್ಕಿನಲ್ಲಿ. ಸೆಕ್ಯುರಿಟಿಯ ಹೆಣ್ಣುಮಗಳೊಬ್ಬಳು ಮುಂದೆ ಬಂದು, 'ಬಾ ಪುಟ್ಟಿ' ಎನ್ನುತ್ತಾ ಪಟ್ಟಿ ಬಿಚ್ಚಿ ಟ್ರೇಗೆ ಹಾಕಿದಳು. ಹಿಂದೆ ಸಾಲಿನಲ್ಲಿದ್ದ ಲ್ಯಾಪ್‌ಟಾಪಿನವರೆಲ್ಲ ಫೋನು ಎತ್ತಿ ಹಿಡಿದಿದ್ದರು.

ನಮ್ಮದು ಕೊನೆಯ ಸಾಲು, ಕಿಟಕಿ. ಚೀಲ ಮುಂದಿನ ಸೀಟಿನ ಕೆಳಗೆ, ಜಿಪ್ ತೆಗೆಯುವಂತಿಲ್ಲ. ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟು. ಅಂದರೆ ಬೇರಿಂಗ್ ಆ ಹೊತ್ತು ಮುಳ್ಳಯ್ಯನಗಿರಿ ಹತ್ತಿ ಕೂತ ಹಾಗೆ. ಗಾಲಿ ನೆಲ ಬಿಟ್ಟಾಗ ಒಂದು ಉದ್ದನೆಯ ರಾಗ ತೆಗೆಯಿತು. ಪಕ್ಕದ ಸೀಟಿನ ಹುಡುಗ ಹೆಡ್‌ಫೋನ್ ತೆಗೆದು ಸುತ್ತ ನೋಡಿ ಮತ್ತೆ ಹಾಕಿಕೊಂಡ.

ಧೈರ್ಯಕ್ಕಿರಲಿ ಎಂದು ಮಗಳೊಂದು ಕಥೆ ಕಳಿಸಿದ್ದಳು. 1910ರಲ್ಲಿ 'ಅಮೆರಿಕ' ಎಂಬ ವಾಯುನೌಕೆ ಅಟ್ಲಾಂಟಿಕ್ ದಾಟಲು ಹೊರಟಾಗ ಅದರಲ್ಲಿ ಕಿಡ್ಡೋ ಎಂಬ ಬೆಕ್ಕಿತ್ತಂತೆ. ಅದರ ರಂಪಾಟ ತಾಳದೆ ಎಂಜಿನಿಯರು ವೈರ್‌ಲೆಸ್‌ನಲ್ಲಿ ಈ ಬೆಕ್ಕನ್ನು ಕರೆದೊಯ್ಯಿರಿ ಎಂದು ಬೈದುಕೊಂಡೇ ಹೇಳಿ ಕಳಿಸಿದ. ಹಾರುವ ಯಂತ್ರದಿಂದ ಕೆಳಗೆ ಹೋದ ಮೊದಮೊದಲ ರೇಡಿಯೋ ಸಂದೇಶಗಳಲ್ಲಿ ಅದೂ ಒಂದು. ಚೀಲದಲ್ಲಿ ಹಾಕಿ ದೋಣಿಗೆ ಇಳಿಸಲು ನೋಡಿದರು, ಸಮುದ್ರ ಬಿಡಲಿಲ್ಲ. ಮತ್ತೆ ಮೇಲೆ ಎಳೆದುಕೊಂಡರು. ಆಮೇಲೆ ಕಿಡ್ಡೋ ಅಲ್ಲೇ ಹೊಂದಿಕೊಂಡಿತಂತೆ.

ಬೇರಿಂಗೂ ಹಾಗೇ ಮಾಡಿತು. ಹಿಂಜವಡಿಯ ಫ್ಲ್ಯಾಟು ವೈಟ್‌ಫೀಲ್ಡಿನದರ ತಮ್ಮ ಎನ್ನಬಹುದು: ಅದೇ ಗಾಜಿನ ಕಟ್ಟಡಗಳು, ಅದೇ ಟ್ಯಾಂಕರ್ ನೀರು, ಬಾಲ್ಕನಿಗೆ ಅದೇ ಬಲೆ. ಮೊದಲ ದಿನ ಮಂಚದ ಕೆಳಗೆ, ಎರಡನೇ ದಿನ ಮಂಚದ ಮೇಲೆ, ಮಾರನೆಯ ದಿನ ಮಗಳ ಲ್ಯಾಪ್‌ಟಾಪಿನ ಮೇಲೆ. ಅಜ್ಜಿಯ ಸಿದ್ಧಾಂತ ಸುಳ್ಳಾಯಿತು, ಬೆಕ್ಕು ಮನುಷ್ಯರಿಗೇ ಅಂಟಿಕೊಂಡಿತ್ತು.

ನಿದ್ದೆ ಬಾರದೆ ಹೊರಳಾಡಿದವನು ನಾನು. ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸಿನ ಧಡ್ ಧಡ್ ಇಲ್ಲದೆ ಹಾಸಿಗೆಯೇ ಅಪರಿಚಿತ. 'ಅಮ್ಮ ಹೋದಮೇಲೆ ಅಲ್ಲಿ ಯಾರಿದ್ದಾರೆ ಅಪ್ಪಾ? ನೀವೂ ಇಲ್ಲೇ ಇದ್ಬಿಡಿ' ಎಂದಳು ಮಗಳು. ಕರೆಂಟ್ ಬಿಲ್ ಕಟ್ಟಬೇಕು, ಲೇತಿಗೆ ಎಣ್ಣೆ ಬಿಡಬೇಕು ಎಂದು ಏನೇನೋ ಹೇಳಿದೆ. ಬೇರಿಂಗನ್ನು ಯಾರೂ ಹೀಗೆ ಕೇಳಿರಲಿಲ್ಲ, ಅದೇ ಅದರ ಪುಣ್ಯ. ನನ್ನನ್ನೂ ಒಂದು ಮಧ್ಯಾಹ್ನ ಮಲಗಿದ್ದಾಗ ಹಾಗೇ ಎತ್ತಿ ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದರೆ, ಒಂದು ರಾಗ ತೆಗೆದು ಸುಮ್ಮನಾಗುತ್ತಿದ್ದೆನೋ ಏನೋ.