ಮುಚ್ಚಳದ ಮೇಲೆ ಬರೆದಿತ್ತು

ಮುಂಬಯಿಗೆ ಬಂದು ಇಪ್ಪತ್ತೊಂಬತ್ತು ವರ್ಷ ಆಯ್ತು. ಬ್ಯಾಂಕಿನಲ್ಲಿ ಸಾಲ ತೊಗೊಳ್ಳೋರಿಗೆಲ್ಲ "ಮೊದಲು ಓದಿ, ಆಮೇಲೆ ಸಹಿ ಮಾಡಿ" ಅಂತ ಹೇಳೋದು ನನ್ನ ಅಭ್ಯಾಸ. ಅಂಥವನು ನಮ್ಮ ಕಾರಿನ ಒಂದು ಮುಚ್ಚಳದ ಮೇಲಿದ್ದ ಒಂದೇ ಸಾಲು ಓದಲಿಲ್ಲ ನೋಡಿ...

2019ರ ಜೂನ್. ಕಣ್ಣಿನ ಪೊರೆ ಆಪರೇಷನ್ನಿಗೆ ಬಂದಿದ್ದ ಅಮ್ಮನನ್ನು ಧಾರವಾಡಕ್ಕೆ ಬಿಟ್ಟು ಬರಬೇಕಿತ್ತು. ಹೊರಡೋಕೆ ಹತ್ತು ದಿನ ಮೊದಲು ಬಾನೆಟ್ ಎತ್ತಿದರೆ ಕ್ಲಚ್ ಆಯಿಲ್ ಸ್ವಲ್ಪ ಇಳಿದಿತ್ತು. ಪವರ್ ಸ್ಟೀರಿಂಗಿಗೆ ತಂದ ಎಣ್ಣೆ ಮನೆಯಲ್ಲಿ ಉಳಿದಿತ್ತು. ಎಣ್ಣೆ ಎಣ್ಣೆಯೇ ತಾನೆ ಅಂತ ಸುರಿದೆ. ₹250 ಉಳಿಯಿತು!

ನಾಲ್ಕೈದು ದಿನದಲ್ಲೇ ಕ್ಲಚ್ ಪೆಡಲ್ ನಿಧಾನವಾಗಿ ಮೇಲೆ ಬರತೊಡಗಿತು. ಹಳೇ ಗಾಡಿ ಅಂತ ಬಿಟ್ಟೆ. ಪುಣೆ ದಾಟಿ ಖಂಬಾಟಕಿ ಘಾಟ್ ಏರುವಾಗ ಗೇರ್ ಬದಲಿಸಲು ಪೆಡಲ್ ಒತ್ತಿದೆ. ಕಾಲು ತೆಗೆದರೂ ಅದು ಕೆಳಗೇ ಕೂತಿತು. ಇಂಜಿನ್ ಕೂಗ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ, ಹಿಂದೆ ಲಾರಿಗಳ ಸಾಲು. ಹ್ಯಾಂಡ್ ಬ್ರೇಕ್ ಎಳೆದೆ. ನನ್ನಾಕೆ ಮಳೆಯಲ್ಲೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಹಿಂದಿನ ಸೀಟಿನಿಂದ ಕಪ್ಪು ಕನ್ನಡಕದ ಅಮ್ಮ, "ಯಾಕ ನಿಂತಿ? ಊರು ಬಂತೇನು?"

ಟೋ ಮಾಡಿಸಿ ಸಾತಾರಾಕ್ಕೆ ಒಯ್ದೆವು. ಮೆಕ್ಯಾನಿಕ್ ಟ್ಯಾಂಕಿಗೆ ಬೆರಳದ್ದಿ ಮೂಸಿ, ಮರಾಠಿಯಲ್ಲಿ ಕೇಳಿದ: "ಸಾಹೇಬ್, ಇದರಲ್ಲಿ ಏನು ಹಾಕಿದಿರಿ?" ಹೇಳಿದೆ. ಅವನು ಒಳಗಿನ ರಬ್ಬರ್ ವಾಶರ್ ತೆಗೆದು ನನ್ನ ಅಂಗೈಗಿಟ್ಟ. ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿತ್ತು. ಸ್ಟೀರಿಂಗ್ ಆಯಿಲ್ ಪೆಟ್ರೋಲಿಯಂ ಎಣ್ಣೆ. ಕ್ಲಚ್ಚಿಗೆ ಬೇಕಾದದ್ದು ಗ್ಲೈಕಾಲ್ ಜಾತಿಯ ಬ್ರೇಕ್ ಫ್ಲೂಯಿಡ್. ಎರಡಕ್ಕೂ ರಬ್ಬರ್ ಬೇರೆ. ಆಮೇಲೆ ಅವನು ತೋರಿಸಿದ್ದು ನೋಡಿ ಕೈಕಾಲು ತಣ್ಣಗಾದವು. ನಮ್ಮ ಗಾಡಿಯಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಟ್ಯಾಂಕ್ ಒಂದೇ! ಕ್ಲಚ್ ಮೊದಲು ಕೈಕೊಟ್ಟಿತ್ತು ಅಷ್ಟೇ. ಘಾಟ್ ಏರಿ ಇಳಿಯುವಾಗ ಬ್ರೇಕ್ ಕೈಕೊಟ್ಟಿದ್ದರೆ?

ಸಿಲಿಂಡರ್, ರಬ್ಬರ್, ಹೋಸ್ ಎಲ್ಲ ಬದಲಾಯಿಸಿ ₹18,000 ಆಯ್ತು. ಅಮ್ಮನಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ.

ಆ ಮುಚ್ಚಳದ ಮೇಲೆ ಡಾಟ್ 4 ಅಂತ ಸ್ಪಷ್ಟವಾಗಿ ಇತ್ತು. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಲ್ಲ, ಡಾಟ್ 4 ಆದರೆ 230. ಆದರೆ ಇವೆರಡೂ ಗಾಳಿಯ ತೇವ ಹೀರುತ್ತವೆ. ನೀರು ಸೇರಿದ ಡಾಟ್ 4ಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ನಮ್ಮ ಮುಂಬಯಿ ಮಳೆಗಾಲ ನಿಮಗೆ ಗೊತ್ತಲ್ಲ! ಇನ್ನೊಂದು ಮಾತು, ದೊಡ್ಡ ನಂಬರ್ ಒಳ್ಳೇದು ಅಂತ ಡಾಟ್ 5 ತರಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಯಲ್ಲ. 5.1 ಮಾತ್ರ ಮತ್ತೆ ಗ್ಲೈಕಾಲ್ ಜಾತಿಯದೇ. ಯಾರಪ್ಪ ಇಟ್ಟರು ಈ ಹೆಸರು?

ಈಗ ಎರಡು ವರ್ಷಕ್ಕೊಮ್ಮೆ ಸೀಲ್ ಒಡೆಯದ ಹೊಸ ಬಾಟಲಿ ತಂದು ನಾನೇ ಕ್ಲಚ್ಚಿನದು ಬದಲಿಸ್ತೀನಿ. ಬ್ರೇಕಿನದು ಮೆಕ್ಯಾನಿಕ್ಕಿಗೇ ಬಿಟ್ಟಿದ್ದೀನಿ, ಅಷ್ಟು ಧೈರ್ಯ ಇಲ್ಲ. ಬಾಡಿ ಮೇಲೆ ಹನಿ ಬಿದ್ದರೆ ಪೇಂಟೇ ಏಳುತ್ತೆ, ಅದಕ್ಕೆ ಹಳೇ ಪಂಚೆ ಹಾಸಿರ್ತೀನಿ. ನನ್ನಾಕೆ ಪೆಡಲ್ ಒತ್ತಿ ಹಿಡೀತಾಳೆ, ನಾನು ನಿಪ್ಪಲ್ ಸಡಿಲಿಸ್ತೀನಿ, ಡಿಕಾಕ್ಷನ್ ಬಣ್ಣದ್ದು ಪೈಪಿನಿಂದ ಬಾಟಲಿಗೆ ಇಳಿಯುತ್ತೆ. ನಿಪ್ಪಲ್ ಬಿಗಿ ಮಾಡಿದ ಮೇಲೇ ಅವಳು ಕಾಲು ತೆಗೀಬೇಕು, ಇಲ್ಲದಿದ್ದರೆ ಗಾಳಿ ಒಳಗೆ. ಟ್ಯಾಂಕ್ ಬರಿದಾಗದಂತೆ ನಡುನಡುವೆ ತುಂಬಬೇಕು.

"ಬಿಡ್ಲಾ?"

"ಇರು ಇರು, ಇನ್ನೂ ಬಿಗಿ ಮಾಡಿಲ್ಲ."

"ಬಾಟಲಿ ಮೇಲೆ ಏನಿದೆ ಅಂತ ಓದಿದ್ರಾ?"

ಪ್ರತಿ ಸಲ ಕೇಳ್ತಾಳೆ.