ಟ್ಯಾಗ್ ಹಾಕಿದ ಮೇಲೆ ಅಲ್ಲಾಡಬಾರದು

ತೋರಣಗಲ್ಲು ಸ್ಟೇಷನ್ನಲ್ಲಿ ಈಗಷ್ಟೇ ಉಕ್ಕಿನ ಕಾಯಿಲ್ ಹೊತ್ತ ಗೂಡ್ಸ್ ರೈಲು ಹೋಯ್ತು. ಪ್ರತಿ ಕಾಯಿಲ್‌ಗೂ ಒಂದು ನಂಬರ್. ಅದನ್ನ ಹಿಡಿದು ಹೋದರೆ ಯಾವ ಹೀಟ್‌ನ (ಒಂದೇ ಸಲ ಕರಗಿಸಿ ತೆಗೆದ ಬ್ಯಾಚ್‌ನ) ಉಕ್ಕು, ಇಂಗಾಲ ಎಷ್ಟು, ಎಲ್ಲಾ ಸಿಗುತ್ತೆ. ಸಾಫ್ಟ್‌ವೇರ್ ಬಿಡುಗಡೆಗೂ ಇದೇ ಶಿಸ್ತು ಬೇಕು ಅನ್ನಿಸ್ತು.

ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ನೋಡಿ. ಅದು ಮುಕ್ತ ತಂತ್ರಾಂಶ; ಅದರಲ್ಲಿ ನೋಂದಣಿ, ದೃಢೀಕರಣ ಅಂತ ಬಿಡಿಬಿಡಿ ಮಾಡ್ಯೂಲ್‌ಗಳು. ಫಿಲಿಪೈನ್ಸ್, ಮೊರಾಕ್ಕೊದಂಥ ದೇಶಗಳು ಜನರ ಗುರುತಿನ ವ್ಯವಸ್ಥೆಗೆ ಅದನ್ನ ಬಳಸ್ತಿವೆ. ಯಾವ ಮಾಡ್ಯೂಲಿನ ಯಾವ ಆವೃತ್ತಿ ಯಾವುದರ ಜೊತೆ ಹೊಂದುತ್ತೆ ಅನ್ನೋದು ಸ್ಪಷ್ಟವಾಗಿರಲೇಬೇಕು. ಒಂದು ಆವೃತ್ತಿಯ ಕೋಡ್‌ಗೆ ಗುರುತಾಗಿ ಒಮ್ಮೆ ಹಾಕಿದ ಟ್ಯಾಗನ್ನ ಆಮೇಲೆ ಸರಿಸಬಾರದು. ದೋಷ ಸಿಕ್ಕರೆ ಹೊಸ ನಂಬರಲ್ಲಿ ಬರಲಿ.

ನಿಮ್ಮ ಪ್ರಾಜೆಕ್ಟಲ್ಲಿ ಎಲ್ಲ ಮಾಡ್ಯೂಲ್‌ಗೂ ಒಂದೇ ನಂಬರೋ, ಒಂದೊಂದಕ್ಕೂ ಬೇರೆಯೋ? ಹೇಳಿ.